ಎಲುಬಿನ ಜಬಾನಿ

ಮೈಂದರ್ಗಿ ರಸ್ತೆಯ ಧಾಬಾದಲ್ಲಿ ಗಿರಾಕಿಯಂತೆ ಕೂತೆ,
ಖಾಕಿ ಮನೆಯಲ್ಲಿ ಬಿಟ್ಟು, ತಂಗಿಯ ಚೂಡಿದಾರ ತೊಟ್ಟು.
ಗೋಡೆಗೆ ಸಿದ್ಧರಾಮನ ಪಟ, ಅದರ ಮಗ್ಗುಲಿಗೆ
ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ ಲೈಸೆನ್ಸು:
ಜಪಾನಿ ಬಟೇರ, ಸಾಕಿದ್ದು.
"ಕಾಡಿಂದೇನಿಲ್ರೀ ಅಕ್ಕಾರ," ಅಂದ ಮಲಕಣ್ಣ ಬಿರಾಜದಾರ,
"ಎಲ್ಲಾ ಪಂಜರದಾಗ ಹುಟ್ಟಿದ್ದು. ಲಿಂಬಿ ಹಿಂಡ್ಕೋರಿ."

ಹಿಂಡಿಕೊಂಡೆ.
ಮೊದಲ ತುತ್ತಿಗೇ ನಾಲಿಗೆಗೆ ಗೊತ್ತಾಯಿತು.
ಸಾಕಿದ ಹಕ್ಕಿಯ ತೊಡೆ ಮೆತ್ತಗೆ, ಚೀಲದ ಕಾಳಿನ ರುಚಿ;
ಇದಕ್ಕೆ ಓಡಿದ ಬಿಗಿ,
ಬಿಳಿಜೋಳದ ಸಾಲಿನಲ್ಲಿ ಹುಳ ಹೆಕ್ಕಿದ ಒಗರು.
ಜತ್ತಿನ ಹೊಲದಲ್ಲಿ ನಮ್ಮಪ್ಪ ನಸುಕಿಗೆ ಬಲೆ ಹಾಸಿ
ಬಾಯಲ್ಲೇ ಹೆಣ್ಣುಬುರ್ಲಿಯ ದನಿ ತೆಗೆಯುತ್ತಿದ್ದ.
ಗಂಡುಗಳು ಓಡೋಡಿ ಬರುತ್ತಿದ್ದವು.
ಆಗ ನನಗೆ ಏಳು ವರ್ಷ. ಎಲುಬನ್ನೂ ಬಿಡುತ್ತಿರಲಿಲ್ಲ.

ನಾಲಿಗೆಯ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ.
ಅದೂ ಇಂಥ ನಾಲಿಗೆಯದು.
ಬೇವಿನ ಕೆಳಗೆ ನಿಂತ ಜೀಪಿಗೆ ಮಿಸ್‌ಕಾಲ್ ಕೊಟ್ಟೆ.
ಪಂಚನಾಮೆಗೆ ಸಹಿ ಹಾಕಿದ್ದು ಎದುರಿನ ಪಂಕ್ಚರ್ ಅಂಗಡಿಯ ಹುಡುಗ,
ಕೈಯ ಗ್ರೀಸು ಕಾಗದಕ್ಕೂ ಹತ್ತಿತು.
ತಾಟುಗಳಿಂದ ಹೆಕ್ಕಿದ ಎಲುಬು, ಹನ್ನೊಂದು ಹಕ್ಕಿಯವು,
ಹನ್ನೊಂದು ಬಾಟ್ಲಿ, ಸ್ಪಿರಿಟ್ಟು, ಅರಗಿನ ಮುದ್ರೆ.
ಮಲಕಣ್ಣ ನಕ್ಕ: "ಕರಿದ ಹಕ್ಕಿ ಏನ್ ಮಾತಾಡ್ತದರೀ?"

ಮಾತಾಡುತ್ತದೆ.
ನಾಗಪುರದ ಲ್ಯಾಬಿನ ಹುಡುಗಿ ಫೋನಿನಲ್ಲಿ ಹೇಳಿದಳು:
ಎಣ್ಣೆಯಲ್ಲಿ ಬೆಂದರೂ, ಖಾರ ಇಳಿದರೂ
ಎಲುಬಿನೊಳಗೆ ಒಂದು ನೂಲು ಉಳಿದಿರುತ್ತದಂತೆ,
ಎಷ್ಟು ಒಗೆದರೂ ಬಣ್ಣ ಬಿಡದ ಸೊಲ್ಲಾಪುರದ ಚಾದರಿನ ಹಾಗೆ.
ತಾಯಿಯಿಂದ ಬಂದದ್ದು, ತಂದೆಯ ಪಾಲು ಅದರಲ್ಲಿಲ್ಲ.
ನಾಲ್ಕೇ ಅಕ್ಷರದ ಬರಹ.
ನಮ್ಮವ್ವನಿಗೆ ಅಷ್ಟೂ ಬರುತ್ತಿರಲಿಲ್ಲ.

ಆ ಫಾರ್ಮಿನ ಹಕ್ಕಿಗಳೆಲ್ಲ ಎರಡು ಮೂರು ತಾಯಂದಿರ ಸಂತಾನ,
ಒಂದೇ ಪಾಠವನ್ನು ಇಡೀ ಕ್ಲಾಸು ಕಾಪಿ ಹೊಡೆದಂತೆ.
ಹನ್ನೊಂದರಲ್ಲಿ ಎರಡು ಮಾತ್ರ ಅಂಥವು.
ಉಳಿದ ಒಂಬತ್ತಕ್ಕೆ ಒಂಬತ್ತು ತಾಯಂದಿರು,
ಜಪಾನು ಕಾಣದವರು,
ಒಬ್ಬರಿಗೊಬ್ಬರು ಗುರುತಿಲ್ಲದವರು,
ಯಾವ ಚೌಕಟ್ಟಿನಲ್ಲೂ ಇಲ್ಲದವರು.

ವರದಿ ಇಂಗ್ಲಿಷಿನಲ್ಲಿ ಬಂತು,
ನಾನು ಮರಾಠಿಯಲ್ಲಿ ಕಾಗದ ಮಾಡಿದೆ,
ಮಲಕಣ್ಣ ಕನ್ನಡದಲ್ಲಿ ಬೈದ.
ತಾರೀಖು ದೀಪಾವಳಿಯ ಆಚೆಗೆ ಹೋಯಿತು.

ಯಾರೂ ಕೇಳದೇ ಉಳಿದದ್ದು ಒಂದಿದೆ:
ನಾನು ನುಂಗಿದ ಆ ತುತ್ತು
ಯಾವ ಬಾಟ್ಲಿಯ ಎಲುಬಿಗೆ ಸೇರಿದ್ದು?
ಉಗುರಿನ ಸಂದಿಯ ಅರಿಶಿನ ಮೂರು ದಿನ ಹೋಗಲಿಲ್ಲ.

ನಿನ್ನೆ ಸಂಜೆ ಬೀಟಿನಲ್ಲಿ, ತೊಗರಿಯ ಮರೆಯಿಂದ
ವಿಟ್‌ವಿಟ್, ವಿಟ್‌ವಿಟ್.
ಅಪ್ಪ ಕಲಿಸಿದ ದನಿ ಗಂಟಲಿನ ತನಕ ಬಂತು.
ಬಾಯಿ ಮುಚ್ಚಿಕೊಂಡು ನಿಂತೆ,
ಅದು ಬದು ದಾಟಿ ಹೋಗುವವರೆಗೆ.