ತೂಬಿನ ಕೆಳಗಿನ ಲೆಕ್ಕ

ಕೊಲರಾಡೋದ ಪಡುವಣ ಇಳಿಜಾರು. ಸೆಪ್ಟೆಂಬರು.
ಆಸ್ಪೆನ್ ಮರಕ್ಕೆ ಅರ್ಧ ಅರಿಶಿನ ಹತ್ತಿದೆ.
ಎದೆಮಟ್ಟದ ರಬ್ಬರು ತೊಟ್ಟು
ಬೆಳಿಗ್ಗೆ ತೂಬಿನ ಮೇಲೆ, ಸಂಜೆಗೆ ಕೆಳಗೆ
ಬಲೆಯೊಡ್ಡಿ ನಿಲ್ಲುವುದು ನನ್ನ ಸಂಬಳದ ಕೆಲಸ.
ಒಂದು ಚದರಡಿ ತಳ, ಒಂದು ನಿಮಿಷ,
ಕಲ್ಲು ಕೆದಕಿದರೆ
ಎದ್ದು ಬರುತ್ತದೆ ಒಂದು ಊರು.

ಮೇಲಿನದು ತುಂಬಿದ ಊರು.
ಬಿಳಿ ತಟ್ಟೆಗೆ ಸುರಿದೆ:
ಕಲ್ಲುನೊಣದ ಮರಿ, ಜೋಡಿ ಬಾಲ, ಹುಲಿಪಟ್ಟೆ,
ಮೂರು ಚಳಿಗಾಲ ನೀರಲ್ಲೇ ಕಳೆದದ್ದು.
ದಿನದಾಯುಸ್ಸಿನ ನೊಣದ ಕೂಸು, ಚಪ್ಪಟೆ,
ಸೆಳವಿಗೆ ಎದೆಗೊಟ್ಟು ಹಿಡಿದ ಕಲ್ಲು ಬಿಡದ್ದು.
ಮತ್ತೆ ಕ್ಯಾಡಿಸ್:
ಮರಳಕಾಳು ಒಂದೊಂದೇ ಆಯ್ದು
ಬಾಯಿಂದ ರೇಷ್ಮೆ ನೂತು ಹೊಲಿದು
ಮೈಯಳತೆಯ ಮನೆ ಹೊತ್ತು ನಡೆವ ಮೇಸ್ತ್ರಿ.

ಕುಲ ಕೇಳಬಾರದೆಂದು ಕಲಿತು ಬೆಳೆದವಳು ನಾನು,
ಇಲ್ಲಿ ಕುಲ ಕೇಳುವುದೇ ಕಸುಬು.
ಬರೆದುಕೊಂಡೆ:
ತಲೆ ಇನ್ನೂರ ಹನ್ನೆರಡು. ಕುಲ ಮೂವತ್ತೊಂದು.

ತೂಬಿನ ಕಬ್ಬಿಣದ ಚಕ್ರ ತಿರುಗಿಸುವವ ಲೆವಿ ಟಫೋಯಾ.
ನೀರುಗಂಟಿ ಎಂಬ ನಮ್ಮ ಮಾತನ್ನು ಅವನಿಗೆ ಕಲಿಸಿದ್ದೇನೆ,
ಗಂಟಿ ಅನ್ನುವಾಗ ನಗುತ್ತಾನೆ.
'ಗುಡ್ಡದಾಚೆ ಜನ ಕುಡಿಯಬೇಕಲ್ಲ'
ಎಂದು ಸುರಂಗದತ್ತ ಗದ್ದ ಎತ್ತುತ್ತಾನೆ.
ಆಚೆಯವಳೇ ನಾನು, ಮೂರನೇ ಮಹಡಿ.
ನಸುಕಿನಲ್ಲಿ ಹಲ್ಲುಜ್ಜುವಷ್ಟು ಹೊತ್ತೂ
ನಲ್ಲಿ ಬಿಟ್ಟೇ ಇಟ್ಟಿದ್ದೆ.
ಅದನ್ನು ಅವನಿಗೆ ಹೇಳಲಿಲ್ಲ.

ಕೆಳಗೆ, ಕಾಯಿದೆ ಬಿಟ್ಟುಕೊಟ್ಟ ನೀರು:
ಹಿಮ್ಮಡಿ ಮುಳುಗಿತು, ಕೀಲು ಮುಳುಗಲಿಲ್ಲ.
ಸೆಳವಿಲ್ಲದೆ ಹೂಳು ಕೂತಿದೆ
ಕಲ್ಲಿನ ಸಂದಿಗೆ ಗಾರೆ ಮೆತ್ತಿದಂತೆ.
ಪಾಚಿ, ಬಾಚದ ತಲೆ.
ಬಿಸಿಲು ತಳ ಮುಟ್ಟಿ ನೀರು ಉಗುರುಬೆಚ್ಚಗೆ.
ತಟ್ಟೆಯಲ್ಲಿ ಕೆಂಪು ಎಳೆಹುಳು, ಕೆಂಪು ಎಳೆಹುಳು,
ಎರೆ, ಒಂದೆರಡು ಬಸವನಹುಳು,
ಮತ್ತೆ ಕೆಂಪು ಎಳೆಹುಳು.

'ಎಷ್ಟು ಸಿಕ್ಕವು?' ದಂಡೆಯಿಂದ ಲೆವಿ.
'ನಾನೂರ ಮೂವತ್ತು.'
'ಮೇಲಿಗಿಂತ ಹೆಚ್ಚೇ! ಒಳ್ಳೆಯದಾಯಿತಲ್ಲ!'
ಹೌದು, ತಲೆ ಹೆಚ್ಚು.
ಕುಲ, ಆರು.

ಹೇಗೆ ಹೇಳಲಿ ಎಂದು ತಿಳಿಯದೆ
ತಳದಲ್ಲಿ ಸಿಕ್ಕ ಕ್ಯಾಡಿಸ್ ಗೂಡೊಂದನ್ನು
ಅವನ ಅಂಗೈಗೆ ಹಾಕಿದೆ.
ಅಕ್ಕಿಕಾಳಿಗಿಂತ ಚೂರು ಉದ್ದ, ಬಿರುಕಿಲ್ಲದ ಕಟ್ಟಡ.
ಊದಿ ನೋಡಿದ. ಒಳಗಿಂದ ಹೂಳು ಬಂತು.
'ಅಪ್ಪ ಇದನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದ,' ಎಂದ,
ಸ್ವಲ್ಪ ತಡೆದು, 'ಇದೇ ಜಾಗದಲ್ಲಿ.'
ಜೇಬಿಗೆ ಹಾಕಿಕೊಂಡು ಚಕ್ರದ ಕಡೆ ನಡೆದ.
ಆರೂವರೆಗೆ ಎರಡು ಸುತ್ತು ಮುಚ್ಚಬೇಕು, ಚೀಟಿಯಲ್ಲಿದೆ.

ಬಂಡೆಗಳ ಮೇಲೆ ಒದ್ದೆಗೆರೆ
ನೋಡುತ್ತಿದ್ದಂತೆ ಎರಡು ಬೆರಳು ಇಳಿಯಿತು.

ಕಾರಿನ ಹತ್ತಿರ ಬಂದೆ. ಕಪ್ಪು ಬಾನೆಟ್ಟು
ಮುಸ್ಸಂಜೆಯನ್ನು ಮಡುವಿನಂತೆ ಹೊಳೆಸುತ್ತಿತ್ತು.
ಎಲ್ಲಿಂದಲೋ ಬಂದ ಒಂದೇ ಒಂದು ದಿನದ ನೊಣ,
ಬಸುರಿ,
ಬಾಲದ ತುದಿ ಅದ್ದಿ ಅದ್ದಿ
ಮೊಟ್ಟೆ ಇಡುತ್ತಿತ್ತು ಅದರ ಮೇಲೆ,
ನೀರೆಂದೇ ನಂಬಿ.

ಲೋಹ ಇನ್ನೂ ಬೆಚ್ಚಗಿತ್ತು.
ಕೀಲಿ ಕೈಯಲ್ಲಿ ಹಿಡಿದು ನಿಂತೆ,
ಅದು ಮುಗಿಸುವವರೆಗೆ.