ಸೀಸದ ಗಾಜಿನ ಈಚೆ

ಊಟಕ್ಕೆ ಕೂತಾಗಲೆಲ್ಲ ಬಲಗೆನ್ನೆ ಊದುತ್ತದೆ ಎಂದ
ಒತಾಕರ್ ಶೀಮಾ, ನೋವಿ ಬೋರ್ ಊರಿನ ಗಾಜೂದುವವನು.
ತುತ್ತು ಬಾಯಿಗಿಡುವ ಮುಂಚೆಯೇ,
ಹುರಿದ ಈರುಳ್ಳಿಯ ವಾಸನೆಗೇ.
ಬಾಯಲ್ಲಿ ನೀರೂರಬೇಕಾದ ಹೊತ್ತಿಗೆ
ಊರಿದ್ದೆಲ್ಲ ಹಿಂದೆಯೇ ನಿಂತು
ಕಿವಿಯ ಬುಡದಲ್ಲಿ ಕೆರೆ ಕಟ್ಟುತ್ತದೆ.
ನಲವತ್ತೊಂದು ವರ್ಷ ಊದಿದ ಕೆನ್ನೆ.

ಮಲಗಿಸಿದೆ. ನಾಲಿಗೆಗೆ ನಿಂಬೆಯ ಒಂದು ತೊಟ್ಟು.
ಮೇಲಿನ ದವಡೆಹಲ್ಲಿಗೆ ಎದುರಾಗಿ
ಒಳಗೆನ್ನೆಯಲ್ಲಿ ಒಂದು ಚುಕ್ಕಿ ತೇವ:
ಅದೇ ಬಾಗಿಲು. ಗಸಗಸೆ ಕಾಳಿಗೂ ಇಕ್ಕಟ್ಟು.

ಗಸಗಸೆ ಎಂದರೆ ವ್ಲಾಸ್ತಾ ನೆನಪಾಗುತ್ತಾಳೆ,
ನನಗೆ ಈ ಕೆಲಸ ಕಲಿಸಿದವಳು.
ಅವಳ ಕಾಲಕ್ಕೆ ಗಸಗಸೆ ಎಣ್ಣೆಗೇ ಅಯೋಡಿನ್ ಕೂಡಿಸಿ
ತುಂಬುತ್ತಿದ್ದರು, ಹೆಬ್ಬೆರಳು ನೋಯುವ ಹಾಗೆ ಒತ್ತಿ.
ಒಳಹೊಕ್ಕದ್ದು ಸುಲಭಕ್ಕೆ ಹೊರಡದು;
ತಿಂಗಳುಗಳ ಮೇಲೂ ಚಿತ್ರದಲ್ಲಿ ಒಂದೆರಡು ಹನಿ,
ಬಾಡಿಗೆ ಕೊಡದೆ ಕೂತವರ ಹಾಗೆ.
ಸೋಮವಾರ ಗಸಗಸೆ ಹೂರಣದ ಬನ್ನು ತಂದು
ತಿನ್ನು, ಇದು ಎಕ್ಸ್‌ರೇಗೆ ಸಿಗದ ಬಗೆ, ಎನ್ನುತ್ತಿದ್ದಳು.

ಈಗಿನದು ನೀರಲ್ಲಿ ಕರಗುವ ಜಾತಿ.
ತುಸು ಜಿಗುಟು, ಅಷ್ಟೆ.
ಕಣ್ಣಿಗೆ ನೀರು, ಕಿರಣಕ್ಕೆ ಗೋಡೆ.
ಸಿರಿಂಜು ಎತ್ತಿ ಹಿಡಿದು ಉಗುರಿಂದ ಬಡಿದೆ.
ಗುಳ್ಳೆಯಾ? ಎಂದ.
ಒಂದು ಉಳಿದರೂ ಚಿತ್ರದಲ್ಲಿ ಕಲ್ಲಿನ ವೇಷ ಹಾಕುತ್ತೆ, ಎಂದೆ.
ನಕ್ಕ, ಅರ್ಧ ಬಾಯಲ್ಲಿ.
ನಮ್ಮಲ್ಲೂ ಇವೇ ಎರಡು ಪೀಡೆ.
ಗುಳ್ಳೆಯನ್ನು ಗಿರಾಕಿ ಕ್ಷಮಿಸಿಯಾನು.
ಕರಗದ ಕಲ್ಲು ಉಳಿದ ಹೂದಾನಿ
ಒಂದು ದಿನ ಯಾರೂ ಮುಟ್ಟದೆಯೇ ಸಿಡಿಯುತ್ತೆ.

ಆಮೇಲೆ ಕೆನ್ನೆಯ ಸುದ್ದಿಯೇ ಬಿಟ್ಟು
ನಾನು ಮರೆಗೆ ನಿಲ್ಲುವ ಗಾಜಿನ ತಡೆಯತ್ತ ಕಣ್ಣು ಹೊರಳಿಸಿ
ಸೀಸದ ಗಾಜಲ್ಲವೇ ಅದು, ಎಂದ.
ಹೌದು.
ಹಳದಿ ಛಾಯೆ ನೋಡಿಯೇ ಅಂದೆ. ದಪ್ಪ ಎಷ್ಟು?
ಗೊತ್ತಿಲ್ಲ ನನಗೆ.
ಹತ್ತೊಂಬತ್ತು ವರ್ಷ ಅದರ ಹಿಂದೆ ನಿಂತೂ
ಅದನ್ನು ನೋಡಿರಲಿಲ್ಲ,
ಅದರಾಚೆ ನೋಡಿದ್ದೆ.

ಉದ್ದ ನಳಿಕೆ ಹಿಡಿದು ಹಿಂದೆ ಸರಿದೆ.
ಬಿಗಿ ಅನ್ನಿಸಿದರೆ ಕೈ ಎತ್ತಿ.
ಒತ್ತಿದೆ, ಅರ್ಧ ಚಮಚೆಗೂ ಕಡಿಮೆ.
ಪರದೆಯ ಮೇಲೆ ಮೊದಲು ಒಂದು ಗೆರೆ,
ಗೆರೆ ಕವಲಾಗಿ, ಕವಲು ಕಡ್ಡಿಕಡ್ಡಿಯಾಗಿ
ಎಲೆಯುದುರಿದ ಕರಿಮರವೊಂದು
ಅಡ್ಡಬಿದ್ದ ಹಾಗೆಯೇ ಬೆಳೆಯಿತು ಕಿವಿಯ ಕಡೆಗೆ.
ಕಾಂಡದ ನಡುವೆ ಒಂದು ಬಿಳಿ ತೂತು.

ಗುಳ್ಳೆಯೋ, ಕಲ್ಲೋ?

ಅವನ ಕೈ ಮೇಲೆದ್ದಿತ್ತು. ನಿಲ್ಲಿಸಿದೆ.
ನೋವಿಗಲ್ಲ. ಬೆರಳುಗಳು ಏನನ್ನೋ ಹೊರಳಿಸುತ್ತಿದ್ದವು
ಕುಲುಮೆಯ ಮುಂದೆ ಊದುಗೊಳವೆ ತಿರುಗಿಸುವಂತೆ:
ತಿರುಗಿಸಿ ನೋಡಿ. ಗುಳ್ಳೆಯಾದರೆ ಜಾಗ ಬಿಡುತ್ತೆ.
ಹೋಗಿ ತಲೆಯನ್ನು ಎಡಕ್ಕೆ ಹೊರಳಿಸಿ ಬಂದೆ.
ಉಗುಳು ನುಂಗಿದೆ.
ನುಂಗಲು ನನಗಿತ್ತು.

ತೂತು ಅಲ್ಲಾಡಲಿಲ್ಲ.

ಮತ್ತೆ ನಿಂಬೆ, ಈ ಸಲ ಧಾರಾಳ.
ಕಲ್ಲಿನ ಈಚಿನದು ಹರಿದು ಬಾಯಿಗೆ ಬಂತು,
ಕಹಿ ಎಂದು ಮುಖ ಕಿವುಚಿದ.
ಆಚೆಯ ಕೊಂಬೆಗಳು ಮಸಿ ಹಿಡಿದು ಹಾಗೆಯೇ ನಿಂತವು.
ಹತ್ತು ನಿಮಿಷ ಬಿಟ್ಟು ಇನ್ನೊಂದು ಚಿತ್ರ ತೆಗೆಯಬೇಕು.
ಅಷ್ಟರಲ್ಲಿ ಅವನು ಮೆಲ್ಲಗೆ ಇಳಿದು
ಗಾಜಿನ ತಡೆಯ ಬಳಿ ಹೋಗಿ
ಅಂಚನ್ನು ಉಗುರಿಂದ ಒಮ್ಮೆ ಮೀಟಿ
ಊದಿದ ಕೆನ್ನೆ ಆನಿಸಿ ಕಿವಿಗೊಟ್ಟ.
ಚೆನ್ನಾಗಿ ಕರಗಿದೆ, ಎಂದ.
ಇದರಲ್ಲಿ ಒಂದೂ ಇಲ್ಲ.