ನೀರಿಗೆ ಬಂದವಳು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು
ದಾವಣಗೆರೆಯ ನಮ್ಮ ಬೀದಿನಲ್ಲಿಯ ಮುಂದೆ
ಕೊಡಗಳನ್ನು ಸಾಲಿಗಿಟ್ಟು ಹೆಂಗಸರು ಹೊಂಚುತ್ತಿದ್ದರು,
ಹೊಸದಾಗಿ ಬಂದವರ ಮುಖ ನೋಡಲಿಕ್ಕೆ.
ಟೂವೂಂಬಾದಲ್ಲಿ ಬೀದಿನಲ್ಲಿಯಿಲ್ಲ.
ಕಸದ ತೊಟ್ಟಿಯ ಹತ್ತಿರ ಸಿಕ್ಕಳು ಫುಮಿಯೊ,
ಬುಧವಾರ, ಬೆಳಗಿನ ಆರು, ಮೊಣಕಾಲಿನವರೆಗೆ ಮಂಜು.
ನಾನು ಹಳದಿ ಮುಚ್ಚಳದ್ದನ್ನು ದರದರ ಎಳೆದು ತಂದಿದ್ದೆ.
"ಈ ವಾರ ಅದಲ್ಲ," ಅಂದಳು.
ಆಮೇಲೆ ತನ್ನ ಹೆಸರು ಹೇಳಿದಳು.

ಸಿಡ್ನಿ ಬಿಟ್ಟದ್ದೇಕೆ ಎಂದವರಿಗೆಲ್ಲ
ಬಾಡಿಗೆ ಎಂದೆ. ಸುಳ್ಳಲ್ಲ.
ಆದರೆ ಹದಿನಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ
ಕಂಡವರಿಗೆಲ್ಲ "ಉಸಿರು ಹಿಡಿಯಿರಿ, ಹಾಂ, ಬಿಡಿ" ಎಂದವಳಿಗೆ
ಒಂದು ಸಂಜೆ ರೈಲಿನಲ್ಲಿ ನಿಂತಲ್ಲೇ ಅನ್ನಿಸಿತು:
ನಾನು ಹಿಡಿದೇ ಇದ್ದೇನೆ,
ಬಿಡಿ ಎನ್ನಬೇಕಾದವರು ಚಹಾಕ್ಕೆ ಹೋಗಿದ್ದಾರೆ.

ನಗರವೆನ್ನಲು ಸಾಲದು, ಹಳ್ಳಿಯೆಂದರೆ ಮುನಿಸಿಕೊಳ್ಳುತ್ತದೆ,
ನಡುಗಾತ್ರದ ಊರು.
ಬಟ್ಟೆಯಂಗಡಿಯಲ್ಲಿ ಮೊದಲು ಖಾಲಿಯಾಗುವುದು
ಇದೇ ಅಳತೆಯಲ್ಲವೇ?
ಬೆಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದೆ,
ಕೆಳಗೆ ಕಣಿವೆಯ ತುಂಬ ಹೂಕೋಸು.
ರಸ್ತೆಬದಿ ಯಾರೂ ಕಾಯದ ಮೇಜು, ಮೇಲೆ ಬೆಣ್ಣೆಹಣ್ಣು,
ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ; ಕಾಸು ನೀವೇ ಹಾಕಬೇಕು.
ಮೊದಲ ತಿಂಗಳು ಎರಡೆರಡು ಸಲ ಎಣಿಸಿ ಹಾಕಿದೆ
ಯಾರೋ ನೋಡುತ್ತಿದ್ದಾರೆಂದು.
ಯಾರೂ ನೋಡುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ಬೇಸರವಾಯಿತು.
ಬಿಳಿ ಕಾಲುಚೀಲ ತೊಳೆದಷ್ಟೂ ಕೆಂಪಾಗುತ್ತಿತ್ತು.
ಈ ಮಣ್ಣಿನ ಬಣ್ಣ ಎಲ್ಲಿಯದು, ಎಲ್ಲಿ ಕಂಡಿದ್ದೆ
ಎಂದು ಬಹಳ ಯೋಚಿಸಿದೆ.
ಇಲ್ಲಿಯದೇ.

ಇಪ್ಪತ್ತೆರಡು ವರ್ಷ ಇಲ್ಲಿ ಸಸಿ ಮಾರಿದ ಫುಮಿಯೊ
ಈಗ ತೊತ್ತೋರಿಗೆ ವಾಪಸು ಹೊರಟಿದ್ದಳು.
"ಹೆಚ್ಚುಕಡಿಮೆ ಇಷ್ಟೇ ಊರು. ಸಮುದ್ರ ಒಂದು ಜಾಸ್ತಿ.
ಅಕ್ಕಿಯಂಗಡಿಯವನು ಹೆಸರು ಹಿಡಿದು ಕರೆಯುತ್ತಾನೆ,
ಕರೆಯುತ್ತಿದ್ದ. ಈಗ ಅವನ ಮಗನಿರಬೇಕು."
ಅವಳ ಹೆದರಿಕೆ ಸಾವಿನದಲ್ಲ, ಒಂಟಿತನದ್ದೂ ಅಲ್ಲ;
ಅಲ್ಲಿನ ಕಸದ ಪಟ್ಟಿಯದು.
ಅವಳು ಬಿಟ್ಟು ಬಂದಾಗ ಎರಡೇ ಬಗೆ, ಈಗ ಏಳೋ ಎಂಟೋ.
ತಂಗಿ ಕಳಿಸಿದ ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಅಂಟಿಸಿ
ನನ್ನ ಕೈಗೆ ಪೆನ್ಸಿಲ್ಲು ಕೊಟ್ಟಳು: ಪರೀಕ್ಷೆ ತಗೋ.
"ಮುರಿದ ಕೊಡೆ?"
"ಎರಡನೇ ಮಂಗಳವಾರ."
"ಅಂಗಾಲಿಗೆ ತೂತು ಬಿದ್ದ ಚೀಲ?"
"ತೊಳೆದೋ, ತೊಳೆಯದೆಯೋ?"
ಇಬ್ಬರೂ ನಕ್ಕೆವು, ಆದರೆ ಅವಳು ಬರೆದುಕೊಂಡಳು.

ನಮ್ಮ ಗಾದೆ ಹೇಳಿದೆ.
ಕೆಟಲ್ ಸದ್ದು ನಿಲ್ಲುವವರೆಗೆ ಸುಮ್ಮನಿದ್ದು ಕೇಳಿದಳು:
"ಇದು ಹೊಸಬಳಿಗೆ ಸರಿ.
ಹಳಬಳು ಹಿಂದಿರುಗಿದರೆ, ಅವಳನ್ನು ಯಾರು ಕಾಯುತ್ತಾರೆ
ನೀರಿನ ಹತ್ತಿರ?"
ನನ್ನ ಹತ್ತಿರ ಉತ್ತರವಿರಲಿಲ್ಲ. ಬಿಸ್ಕತ್ತಿತ್ತು.

ನನ್ನ ಕಬ್ಬಿಣದ ದೋಸೆಹಂಚು ತಾನು ಒಯ್ಯುವೆನೆಂದಳು;
ಸೂಟ್‌ಕೇಸಿನ ತೂಕ ಮೀರಿತು, ಮತ್ತೆ ನನಗೇ ಬಂತು,
ಜೊತೆಗೆ ಮೂರು ಕುಂಡ, ನೇರಳೆ ಎಲೆಯ ಯಾವುದೋ ಗಿಡ.
ಕಳೆಯೆಂದು ಕೀಳುವವಳಿದ್ದೆ.
ಕಡಲೆಹಿಟ್ಟಿನಲ್ಲಿ ಅದ್ದಿ ಕರಿದು ನೋಡಿದೆ.
ಕೆಟ್ಟಿರಲಿಲ್ಲ. ಇಂಗು ಮಾತ್ರ ಬೇಡ, ಜಗಳವಾಡುತ್ತದೆ.

ನಿನ್ನೆ ಒಂದು ಚಿತ್ರ ಬಂತು.
ಬೀದಿಯ ತಿರುವಿನಲ್ಲಿ ಒಂಟಿಯಾಗಿ ಒಂದು ಚೀಲ,
ಹೊಟ್ಟೆಯ ಮೇಲೆ ಕೆಂಪು ಚೀಟಿ: ಒಯ್ಯಲಾಗುವುದಿಲ್ಲ.
"ಮೊದಲ ವಾರವೇ ತಪ್ಪಿತು.
ಪಕ್ಕದ ಮನೆಯಾಕೆ ಹೇಳಲು ಬಂದಿದ್ದಳು.
ನಲವತ್ತು ನಿಮಿಷ ಇದ್ದಳು."
ಬೇಕೆಂದೇ ತಪ್ಪಿಸಿದೆಯಾ, ಎಂದು ಬರೆದೆ.
ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೇ ಗಂಟೆ ಹಿಂದೆ,
ಎದ್ದಿರುತ್ತಾಳೆ. ಓದಿದ್ದಾಳೆ ಕೂಡ.
ಉತ್ತರವಿಲ್ಲ ಇನ್ನೂ.

ಹಾಲು ಮುಗಿದಿದೆ.
ಚಪ್ಪಲಿ ಮೆಟ್ಟಿ ಹೊರಟೆ; ಅಂಗಡಿ ಮುಚ್ಚುವ ಮುಂಚೆ
ನಡೆದೇ ಮುಟ್ಟಬಹುದು.